ಮಾರ್ಗನ್ ಹೊರಗೆ ಒದ್ದ ಚೆಂಡು

ಅಂಜಿಲಾ ಗಂಡನ ಶವಪೆಟ್ಟಿಗೆಯ ಮೇಲೆ ಹೊದಿಸಿದ್ದ ಹಳದಿ ಜೆರ್ಸಿಯನ್ನು ತೆಗೆದು, ತೋಳಿಗೆ ತೋಳು ಕೂಡಿಸಿ ಮಡಿಸಿ, ತಂದವರ ಕೈಗೇ ವಾಪಸು ಕೊಟ್ಟಳು. ತಗಡಿನ ಚಪ್ಪರದಡಿ ಚಾಪೆಗಳ ಮೇಲೆ ಕೂತು ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ಅವಳ ಕಡೆ ನೋಡಿದರು.

ಜೆರ್ಸಿ ತಂದಿದ್ದವರು ಫಿಜಿ ದ್ವೀಪದ ವೈಕೋರೋ ಫುಟ್‌ಬಾಲ್ ಸಂಘದ ಅಧ್ಯಕ್ಷ ಬಿಸುನ್ ದೇವ್. ಅಂಗಡಿಯ ಮಡಿಕೆ ಇನ್ನೂ ಮಾಸದ ಹೊಸ ಬಟ್ಟೆ. ಬೆನ್ನಿನ ಮೇಲೆ ಹನ್ನೊಂದು ಎಂಬ ಅಂಕಿ, ಅದರ ಮೇಲೆ ‘ಮಾರ್ಗನ್’ ಎಂಬ ಹೆಸರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಎದೆಗೆ ಅವುಚಿಕೊಂಡು ನಿಂತರು.

“ಅತ್ತಿಗೆ, ಇದು ಸಂಘದ ಗೌರವ,” ಅಂದರು ಮೆಲ್ಲಗೆ. “ಎಲ್ರೂ ಸೇರಿ ತೀರ್ಮಾನ ಮಾಡಿರೋದು. ಮಧ್ಯಾಹ್ನ ಮೈದಾನದಲ್ಲಿ ಸ್ವಲ್ಪ ಹೊತ್ತು ಇಡೋಣ. ಮಂತ್ರಿಗಳೂ ಬರ್ತಾರೆ. ಆಮೇಲೆ ಹೊಳೆ ಹತ್ರ ತಗೊಂಡ್ ಹೋದ್ರಾಯ್ತು.”

“ಅವ್ರು ಆ ಗೇಟು ದಾಟಿ ಒಳಗೆ ಹೋಗಿ ಎಷ್ಟು ಕಾಲ ಆಯ್ತು, ಪ್ರೆಸಿಡೆಂಟರೇ?”

ಬಿಸುನ್ ದೇವ್ ಜೆರ್ಸಿಯ ಮಡಿಕೆ ಸವರಿದರು.

“ಬದುಕಿದ್ದಾಗ ತಾವಾಗಿ ಹೋಗದೇ ಇದ್ದ ಜಾಗಕ್ಕೆ ಈಗ ಎತ್ಕೊಂಡ್ ಹೋಗೋದು ಬೇಡ. ಬಂದಿದೀರಿ, ಸಂತೋಷ. ಕೂತ್ಕೊಳ್ಳಿ. ಒಂದ್ ಚಿಪ್ಪು ಯಂಗೋನ ಕುಡೀರಿ.”

ಚಪ್ಪರದ ಆಚೆ ತುದಿಯಲ್ಲಿ ಗಂಡಸರು ಮರದ ದೊಡ್ಡ ಬಟ್ಟಲಿನ ಸುತ್ತ ಕೂತು, ಯಂಗೋನದ ಬೇರಿನ ಪುಡಿಯನ್ನು ನೀರಿನಲ್ಲಿ ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಕುಡಿಯುತ್ತಿದ್ದರು. ಬಿಸುನ್ ದೇವ್ ಅತ್ತ ನಡೆದರು. ಅವರು ಕೂರುವಾಗ ಪಕ್ಕದಲ್ಲಿದ್ದವರು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಸರಿದು ಜಾಗ ಬಿಟ್ಟರು.

“ಒಳ್ಳೇ ಬಟ್ಟೆ ಕಣೇ,” ಅಂದಳು ಪಕ್ಕದ ಮನೆಯ ಮುದುಕಿ ಬುಧಿಯಾ. ಕಿವಿ ಮಂದವಾಗಿದ್ದರಿಂದ ಅವಳ ಪಿಸುಮಾತು ಚಪ್ಪರಕ್ಕೆಲ್ಲ ಕೇಳಿಸುತ್ತಿತ್ತು. “ಸುಡೋ ಹೆಣಕ್ಕೆ ಯಾಕೆ, ಮೊಮ್ಮಗನಿಗಾದ್ರೂ ಆಗ್ತಿತ್ತು.”

ಯಾರೋ ನಕ್ಕರು. ನಕ್ಕವರೇ ಸೆರಗು ಬಾಯಿಗೆ ಒತ್ತಿಕೊಂಡು ಮತ್ತೆ ಅತ್ತರು.

ಶೆಲ್ವಿನ್ ತಾಯಿಯ ಹಿಂದೆಯೇ ಅಡುಗೆಮನೆಗೆ ಬಂದ. ಲೌಟೋಕಾದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಮಗ. ಮೂರು ದಿನದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಡದಂತಾಗಿತ್ತು. ಬಾಗಿಲು ಮುಂದಕ್ಕೆ ಹಾಕಿದ.

“ಅಮ್ಮಾ, ಎಲ್ಲರ ಮುಂದೆ ಹಾಗೆ ಮಾಡ್ಬಾರ್ದಿತ್ತು. ನಾನು ಒಪ್ಕೊಂಡಿದ್ದೆ.”

“ನನ್ನ ಕೇಳಿದ್ಯಾ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಗೊತ್ತಿದ್ದೂ ಒಪ್ಕೊಂಡ್ಯಲ್ಲ.”

ಶೆಲ್ವಿನ್ ನೀರಿನ ಬಾನಿಯ ಅಂಚು ಹಿಡಿದು ನಿಂತ. “ಶಾಲೇಲಿ ನನ್ನ ಹೆಸರೇನು ಅಂತ ಗೊತ್ತಾ ನಿಂಗೆ? ‘ಔಟ್’. ಶೆಲ್ವಿನ್ ಅಂತ ಮೇಷ್ಟ್ರು ಮಾತ್ರ ಕರೀತಿದ್ರು. ಆಟಕ್ಕೆ ಇಳಿದ್ರೆ ಸಾಕು, ‘ಔಟ್ ಬಂದ ಕಣ್ರೋ, ಇವ್ನಿಗೆ ಚೆಂಡು ಕೊಡ್ಬೇಡಿ, ಹೊರಗೆ ಒದ್ದುಬಿಡ್ತಾನೆ, ಅವರಪ್ಪ ಹೇಳ್ಕೊಟ್ಟಿದಾನೆ’ ಅಂತ. ಫುಟ್‌ಬಾಲ್ ಬಿಟ್ಟು ವಾಲಿಬಾಲ್ ಆಡ್ದೆ. ಇವತ್ತು ಅದೇ ಊರು ಎದ್ದು ನಿಂತ್ಕೊಳ್ಳುತ್ತೆ ಅಂದ್ರೆ ನೀನು ಬೇಡ ಅಂತೀಯ. ಅಪ್ಪನಿಗೆ ಬೇಡದೇ ಇರ್ಬಹುದು. ನಂಗೆ ಬೇಕು.”

ಅಂಜಿಲಾ ಎಣ್ಣೆಯ ಬಾಟಲಿ ತೆಗೆದು ದೀಪಕ್ಕೆ ಬೇಕಾದಷ್ಟನ್ನು ಬಟ್ಟಲಿಗೆ ಸುರಿದಳು.

“ಅವತ್ತು ಎಲ್ಲರಿಗಿಂತ ಮೊದಲು ಕೂಗಿದ ಗಂಟಲು ಯಾರ್ದು ಅಂತ ಗೊತ್ತೇನೋ?”

“ಗೊತ್ತು. ಊರಿಗೇ ಗೊತ್ತು. ಅದಕ್ಕೇ ಆ ಪ್ರೆಸಿಡೆಂಟರ ಬಾಯಲ್ಲೇ ಅಪ್ಪನ ಹೆಸರು ಮೈಕಲ್ಲಿ ಕೇಳ್ಬೇಕು ನಾನು.”

ಅವಳು ಬಟ್ಟಲು ಹಿಡಿದು ಹೊರಗೆ ಹೋದಳು. ಮಗನ ಮಾತಿನಲ್ಲಿ ತಪ್ಪಿಲ್ಲ ಎನಿಸಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂದಿತ್ತು.

*

ಅಂಜಿಲಾಳ ಗಂಡ ಆರ್ಮೋಗಂ ಓಡುವುದನ್ನು ಕಲಿತದ್ದು ಕಬ್ಬಿನ ರೈಲಿನ ಹಳಿಯ ಪಕ್ಕದಲ್ಲಿ. ಕಟಾವಾದ ಗದ್ದೆಯ ಕೂಳೆ ಬರಿಗಾಲಿಗೆ ಚುಚ್ಚುತ್ತದೆ. ಹಳಿಯುದ್ದಕ್ಕೂ ಇರುವ ಹುಲ್ಲಿನ ಪಟ್ಟಿ ಮಾತ್ರ ಮೆತ್ತಗೆ. ಮಿಕ್ಕ ಹುಡುಗರು ಗದ್ದೆಯ ನಡುವೆ ಒಬ್ಬರ ಮೇಲೊಬ್ಬರು ಬೀಳುವಾಗ ಅವನು ಆ ಪಟ್ಟಿ ಬಿಟ್ಟು ಕದಲುತ್ತಿರಲಿಲ್ಲ. ಚೆಂಡು ಅವನ ಕಡೆ ಬಂದರೆ ಮುಗಿಯಿತು, ಕಾರ್ಖಾನೆಯ ರೈಲಿನಂತೆ ನೇರ ಹೋಗಿಬಿಡುತ್ತಾನೆ ಎಂದು ಅವನ ತಾಯಿ ಹೇಳುತ್ತಿದ್ದಳಂತೆ.

ಹತ್ತೊಂಬತ್ತು ತುಂಬುವ ಹೊತ್ತಿಗೆ ವೈಕೋರೋ ತಂಡದ ಎಡಗಡೆ ಅವನದಾಗಿತ್ತು. ಪ್ರವಾಸ ಬಂದ ಆಸ್ಟ್ರೇಲಿಯಾದ ತಂಡವೊಂದರ ವಿರುದ್ಧ ಅವನು ಆಡಿದ್ದನ್ನು ಕಂಡ ತರಬೇತುದಾರ ಮರುವರ್ಷವೇ ಅವನನ್ನು ಕರೆಸಿಕೊಂಡ. ವುಲಂಗಾಂಗ್ ಎಂಬ ಉಕ್ಕಿನ ಕಾರ್ಖಾನೆಯ ಊರು. ಮ್ಯಾಸಿಡೋನಿಯಾದಿಂದ ಬಂದು ನೆಲೆಸಿದವರು ಕಟ್ಟಿದ ಕ್ಲಬ್ಬು. ವಾರವಿಡೀ ಕುಲುಮೆಯ ಮುಂದೆ ಕೆಲಸ, ಭಾನುವಾರ ಆಟ. ಆಟಗಾರರ ಪಟ್ಟಿ ಬರೆಯುತ್ತಿದ್ದ ಮುದುಕನಿಗೆ ಆರ್ಮೋಗಂ ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. ಎರಡು ಸಲ ಹೊಡೆದುಹಾಕಿ ‘ಮಾರ್ಗನ್’ ಎಂದು ಬರೆದ. ಭಾಷೆ ಬಾರದ ಆ ಜನರ ಅಜ್ಜಿಯರು ಆಟ ಮುಗಿದ ಮೇಲೆ ಕೆಂಡದಲ್ಲಿ ಸುಟ್ಟ ದೊಣ್ಣೆಮೆಣಸಿನಕಾಯಿ, ರೊಟ್ಟಿ ತಂದು ಅವನ ಬಾಯಿಗೇ ಇಡುತ್ತಿದ್ದರು. ‘ನಮ್ಮ ಕಪ್ಪು ಹುಡುಗ’ ಎಂದು ಕೆನ್ನೆ ಹಿಂಡುತ್ತಿದ್ದರು.

ಮೂರು ವರ್ಷದ ಮೇಲೆ ಸಿಡ್ನಿಯ ದೊಡ್ಡ ಕ್ಲಬ್ಬೊಂದು ಅವನನ್ನು ಕೊಂಡುಕೊಂಡಿತು. ಇನ್ನು ಕುಲುಮೆ ಇಲ್ಲ. ಬೆಳಿಗ್ಗೆ ಎದ್ದರೆ ಫುಟ್‌ಬಾಲ್, ಸಂಜೆಗೆ ಫುಟ್‌ಬಾಲ್. ವೈಕೋರೋದ ಕ್ಷೌರದಂಗಡಿಯ ಕನ್ನಡಿಯ ಸುತ್ತ ಅವನ ಫೋಟೊಗಳು ಅಂಟಿಕೊಂಡವು. ಊರಿನ ಹುಡುಗರು ಅವನಂತೆ ಕಾಲುಚೀಲವನ್ನು ಕಣಕಾಲಿನವರೆಗೆ ಇಳಿಬಿಟ್ಟು ಓಡಾಡಿದರು. ಸ್ವಂತ ಊರಿನವರ ಬಾಯಲ್ಲೂ ಅವನು ಮಾರ್ಗನ್ ಆದ.

ಮೊಣಕಾಲನ್ನು ಎರಡು ಸಲ ಕೊಯ್ದರು. ಎರಡನೆಯ ಸಲದ ನಂತರ ಓಟ ಹಾಗೇ ಇತ್ತು, ತಿರುಗುವುದು ಮಾತ್ರ ಅರೆಗಳಿಗೆ ತಡವಾಗುತ್ತಿತ್ತು. ಅಷ್ಟು ಸಾಕಾಯಿತು. ಅವನ ಜಾಗಕ್ಕೆ ಸ್ಕಾಟ್ಲೆಂಡಿನಿಂದ ಇನ್ನೊಬ್ಬ ಬಂದ. ಆರ್ಮೋಗಂ ಒಂದು ಸೂಟ್‌ಕೇಸು, ಒಂದು ಜೊತೆ ಬೂಟು ಹಿಡಿದು ಮನೆಗೆ ಹಿಂದಿರುಗಿದ. ವೈಕೋರೋ ಸಂಘದವರು ತಂಡದಲ್ಲಿ ಜಾಗ ಕೊಟ್ಟರು. ಮುಂದಿನ ವರ್ಷ ಕಪ್ ನಮ್ಮದೇ ಎಂದು ಊರು ಕುಣಿಯಿತು.

*

ಯಂಗೋನದ ಬಟ್ಟಲಿನ ಸುತ್ತ ಮಾತು ಹುಮ್ಮಸ್ಸಿಗೆ ಬಂದಿತ್ತು.

“ಸಿಡ್ನೀಲಿ ಒಂದೇ ಆಟದಲ್ಲಿ ನಾಲ್ಕು ಗೋಲು ಹೊಡ್ದಿದ್ದ ಮಾರ್ಗನ್,” ಅಂದ ಒಬ್ಬ.

“ಮೂರು ಕಣಯ್ಯ.”

“ನಾಲ್ಕು. ರೇಡಿಯೋದಲ್ಲಿ ನಾನೇ ಕೇಳಿದೀನಿ.”

“ನೀನು ಆಗ ಹುಟ್ಟಿದ್ಯಾ ಮೊದಲು?”

“ನಮ್ಮಪ್ಪ ಕೇಳಿದಾರೆ. ಅವ್ರು ಕೇಳಿದ್ರೆ ನಾನು ಕೇಳಿದ ಹಾಗೇ.”

“ಹಾಗಾದ್ರೆ ನಿಮ್ಮಪ್ಪ ಕುಡಿದಿದ್ದಕ್ಕೆ ನಿಂಗೆ ತಲೆ ತಿರುಗ್ಬೇಕಿತ್ತಲ್ಲೋ.”

ಅಂಜಿಲಾ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಅವರು ಹೊಗಳುತ್ತಿದ್ದ ಆ ಮಾರ್ಗನ್ ಅವಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದವನು ಮುಂಜಾನೆ ಎದ್ದು, ಕಬ್ಬಿನ ಗುಡ್ಡಗಳಾಚೆಯ ಹಳ್ಳಿಗಳಿಂದ ಪಟ್ಟಣಕ್ಕೆ ಬಸ್ಸು ಓಡಿಸುತ್ತಿದ್ದ ಡ್ರೈವರು. ಮಳೆ ಬಂದರೆ ಇಳಿದು ಕಿಟಕಿಗಳ ಟಾರ್ಪಾಲು ಇಳಿಬಿಡುತ್ತಿದ್ದ, ಬಸುರಿಯರಿದ್ದರೆ ಹಳ್ಳ ತಪ್ಪಿಸಲು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಹೋಗುತ್ತಿದ್ದ ಮನುಷ್ಯ.

“ನನ್ನ ಮೇಕೆ ಹತ್ತಿಸ್ಕೊಳ್ಳಲ್ಲ ಅಂದಿದ್ದ ಒಂದ್ಸಲ,” ಬುಧಿಯಾ ಹೇಳಿದಳು. “ಬಸ್ಸಿನ ಮುಂದೆ ಮಲಗ್ಬಿಟ್ಟೆ. ‘ಏಳಮ್ಮಾ ತಾಯಿ, ಮೇಕೆ ಒಳಗೆ ಬರ್ಲಿ, ನೀನು ಹೊರಗೇ ಇರು’ ಅಂದ. ಕೊನೆಗೆ ಇಬ್ಬರನ್ನೂ ಕರ್ಕೊಂಡ್ ಹೋದ. ಅದು ಅವ್ನ ಸೀಟಿನ ಕೆಳಗೆ ಉಚ್ಚೆ ಹೊಯ್ತು.” ಮುದುಕಿ ಪೆಟ್ಟಿಗೆಯ ಮರವನ್ನು ತಟ್ಟಿದಳು. “ಬೈಲಿಲ್ಲ ಕಣೇ. ಒಂದ್ ಮಾತು ಬೈಲಿಲ್ಲ.”

ಬಿಸುನ್ ದೇವ್ ಕೂಡ ಆ ಬಸ್ಸಿನಲ್ಲೇ ವರ್ಷಗಟ್ಟಲೆ ಕಾರ್ಖಾನೆಯ ಕಚೇರಿಗೆ ಹೋಗುತ್ತಿದ್ದವರು. ಅವರು ಯಾವಾಗಲೂ ಹಿಂದಿನ ಸೀಟಿನಲ್ಲಿ, ಹೊರಗೆ ಮುಖ ಮಾಡಿ ಕೂರುತ್ತಿದ್ದರು ಎಂದು ಗಂಡ ಒಮ್ಮೆ ಹೇಳಿದ್ದ. ತಡವಾಗಿ ಓಡಿ ಬಂದ ದಿನ ಕಾದಿದ್ದು ಹತ್ತಿಸಿಕೊಂಡರೂ ಹತ್ತುವಾಗ ಮುಖ ನೋಡುತ್ತಿರಲಿಲ್ಲವಂತೆ. ‘ಪಾಪ, ಬೇರೆ ಬಸ್ಸಿಲ್ಲ ಅವ್ನಿಗೆ’ ಎಂದು ನಕ್ಕಿದ್ದ.

*

ಮರುವರ್ಷದ ಕಪ್ ಫೈನಲ್ಲು ವೈಕೋರೋ ಮೈದಾನದಲ್ಲೇ; ಎದುರಾಳಿಗಳು ಪೂರ್ವದ ರೇವಾ ಕಡೆಯವರು. ಫೈನಲ್ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಆಗ ಚೆಂಡು ಎಡಗಡೆ ಬಂತು. ಆರ್ಮೋಗಂ ಇಬ್ಬರು ಬ್ಯಾಕುಗಳ ನಡುವೆ ನುಸುಳಿದ. ಅವನನ್ನು ತಡೆಯಲು ನುಗ್ಗಿದ ಆ ಇಬ್ಬರ ತಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಮುಂದೆ ಖಾಲಿ ಹುಲ್ಲು, ಅದರಾಚೆ ಒಬ್ಬನೇ ಗೋಲ್‌ಕೀಪರ್. ಊರೆಲ್ಲ ಎದ್ದು ನಿಂತಿತ್ತು.

ಎಡಗಡೆ ಆಡುವವನ ಕಿವಿ ಯಾವಾಗಲೂ ಹಿಂದಿನ ಹೆಜ್ಜೆಗಳ ಮೇಲಿರುತ್ತದೆ. ಆ ಹೆಜ್ಜೆ ನಿಂತದ್ದು ಅವನಿಗೆ ಕೇಳಿಸಿತು. ತಿರುಗಿ ನೋಡಿದ. ಒಬ್ಬ ಎದ್ದು ಕೂತಿದ್ದ. ಇನ್ನೊಬ್ಬ, ಇಸಿಕೇಲಿ ಎಂಬ ಹೊಸ ಹುಡುಗ, ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದ. ಆರ್ಮೋಗಂ ಚೆಂಡನ್ನು ಗೆರೆಯಾಚೆಗೆ ಒದ್ದು ಓಡಿಬಂದ. ಹುಡುಗನ ಬಾಯಿಗೆ ಬೆರಳು ಹಾಕಿ, ಒಳಗೆ ಸರಿದಿದ್ದ ನಾಲಿಗೆಯನ್ನು ಎಳೆದು, ತಲೆಯನ್ನು ಪಕ್ಕಕ್ಕೆ ತಿರುಗಿಸಿದ.

ಇಸಿಕೇಲಿಯನ್ನು ಹೊತ್ತೊಯ್ದರು. ಆಟ ಮತ್ತೆ ಶುರುವಾಯಿತು. ಹೊರಗೆ ಒದ್ದ ಚೆಂಡನ್ನು ಒದ್ದವರಿಗೇ ಹಿಂದಿರುಗಿಸುವ ಪದ್ಧತಿ ಆಗ ಈ ದ್ವೀಪಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ರೇವಾದವರು ಚೆಂಡೆಸೆದರು, ಓಡಿದರು, ಗೋಲು ಹೊಡೆದರು. ಸ್ವಲ್ಪ ಹೊತ್ತಿಗೆ ಆಟ ಮುಗಿದ ಸೀಟಿ ಊದಿದರು.

ಎಡಗಡೆಯ ಗೆರೆಯ ಪಕ್ಕ ನಿಂತಿದ್ದ ಗುಂಪಿನಿಂದ ಮೊದಲ ಕೂಗು ಎದ್ದಿತು: “ಮಾರ್ಕೊಂಡ್ಯೇನೋ, ಮಾರ್ಗನ್?” ಅದನ್ನು ಹಿಡಿದು ಮೈದಾನವೆಲ್ಲ ಕೂಗಿತು. ಬಾಟಲಿಗಳು ಬಿದ್ದವು. ಮನೆಯ ತಗಡಿನ ಮೇಲೆ ಒಂದು ವಾರ ಕಲ್ಲು ಬಿದ್ದವು. ತಾಯಿ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಊರಿನಲ್ಲಿ ಹೆಣ್ಣು ಕೊಡುವವರು ಸಿಗಲಿಲ್ಲ. ಸಮುದ್ರದಾಚೆಯ ಲಂಬಾಸಾದಿಂದ, ಫುಟ್‌ಬಾಲಿನ ಗೊಡವೆಯೇ ಇಲ್ಲದ ಮನೆಯಿಂದ ಅಂಜಿಲಾಳನ್ನು ತಂದರು.

ಊರಿಗೆ ಬಂದ ಹೊಸತರಲ್ಲಿ ಕೊಳಾಯಿ ಹತ್ತಿರ ಹೆಂಗಸೊಬ್ಬಳು, “ನಿನ್ನ ಗಂಡ ನಿನ್ನನ್ನೂ ಹೊರಗೆ ಒದೀತಾನೆ ನೋಡ್ತಿರು,” ಅಂದಿದ್ದಳು. ಅಂಜಿಲಾ ಅಳುತ್ತ ಬಂದು ಗಂಡನನ್ನು ಕೇಳಿದಳು. ಅವನು ಎಲ್ಲವನ್ನೂ ಹೇಳಿದ. “ಗೋಲು ಹೊಡೆದು ಆಮೇಲೆ ಹೋಗ್ಬಹುದಿತ್ತಲ್ಲ?” ಎಂದು ಅವಳು ಕೇಳಿದಾಗ ಆರ್ಮೋಗಂ ಸಿಡ್ನಿಯ ಒಂದು ಸಂಗತಿ ಹೇಳಿದ. ಮತ್ತೆಂದೂ ಅದರ ಮಾತೆತ್ತಲಿಲ್ಲ.

ಅಲ್ಲಿ ಎದುರು ತಂಡದಲ್ಲಿ ಒಬ್ಬ ಕೆಂಚುಕೂದಲಿನ ಬ್ಯಾಕು ಇದ್ದನಂತೆ. ಆಟದುದ್ದಕ್ಕೂ ಬೈಗುಳ. ಕರಿಯ, ಕಾಡುಮನುಷ್ಯ, ದೋಣಿ ಹತ್ತು, ನಿಮ್ಮವ್ವನ ಹತ್ರ ಹೋಗು. ರೆಫರಿ ಕೇಳಿಸಿಕೊಂಡೂ ಕೇಳಿಸದಂತಿದ್ದ. ಆ ದಿನ ಮಳೆ, ಕಣಕಾಲುದ್ದ ಕೆಸರು. ಗಾಳಿಯಲ್ಲಿದ್ದ ಚೆಂಡಿಗೆ ನೆಗೆದ ಆರ್ಮೋಗಂ ಯಾರದೋ ಭುಜ ತಲೆಗೆ ಬಡಿದು ಮುಖ ಕೆಳಗಾಗಿ ಬಿದ್ದ. ಚೆಂಡು ಕೆಂಚನಿಗೇ ಸಿಕ್ಕಿತು, ಎದುರಿಗೆ ಬೇರೆ ಯಾರೂ ಇಲ್ಲ. ಅವನು ಅದನ್ನು ಗೆರೆಯಾಚೆ ಆಟ ನೋಡುತ್ತಿದ್ದ ಜನರ ನಡುವಕ್ಕೆ ಒದ್ದ.

“ಕಣ್ ಬಿಟ್ಟಾಗ ನನ್ನ ಬಾಯಲ್ಲಿ ಅವ್ನ ಬೆರಳಿತ್ತು,” ಅಂದ ಆರ್ಮೋಗಂ. “ಕೆಸರು ತೆಗೀತಿದ್ದ. ‘ಏಳೋ, ನಿಂಗೆ ಬೈಯೋದು ಇನ್ನೂ ಮುಗ್ದಿಲ್ಲ’ ಅಂದ. ಎದ್ದೆ. ಸೀಟಿ ಊದೋವರೆಗೂ ಬೈದ.”

“ಆಮೇಲೆ?”

“ಆಮೇಲೇನು? ಮನೆಗೆ ಹೋದೆ. ಅಷ್ಟು ವರ್ಷದಲ್ಲಿ ಎಷ್ಟು ಆಟ ಆಡಿದೆನೋ, ರಾತ್ರಿ ಕಣ್ ಮುಚ್ಚಿದ್ರೆ ಬರೋದು ಅದೊಂದೇ.”

ಗಂಡ ಚೆಂಡು ಒದ್ದದ್ದನ್ನು ಅಂಜಿಲಾ ಕಂಡದ್ದು ಒಂದೇ ಸಲ. ಬಸ್ಸಿನಲ್ಲಿ ಅವನ ಹಿಂದೆಯೇ ಕೂತಿದ್ದಳು. ಶಾಲೆಯ ಬೇಲಿ ದಾಟಿ ಬಂದ ಚೆಂಡು ಚಕ್ರದ ಕೆಳಗೆ ಸಿಕ್ಕಿತು. ಆರ್ಮೋಗಂ ಇಳಿದು, ಅದನ್ನು ಚಪ್ಪಲಿಯ ತುದಿಯಿಂದ ಹೊರಗೆಳೆದು, ಚಪ್ಪಲಿ ಕಳಚಿಟ್ಟು, ಎಡಗಾಲಿನಿಂದ ಎತ್ತಿ ಕೊಟ್ಟ. ಚೆಂಡು ಮಾವಿನ ಮರದ ಮೇಲಿಂದ ಬಾಗಿ ಹೋಗಿ ಹುಡುಗಿಯೊಬ್ಬಳ ಕೈಯಲ್ಲೇ ಬಿತ್ತು. ಮಕ್ಕಳು ಕಿರುಚಿ ಚಪ್ಪಾಳೆ ತಟ್ಟಿದರು. ಅವನು ಸೀಟಿಗೆ ಮರಳಿ ಸ್ಟೇರಿಂಗ್ ಹಿಡಿದ; ಆದರೆ ಬಸ್ಸು ತಕ್ಷಣ ಹೊರಡಲಿಲ್ಲ.

*

ಪೆಟ್ಟಿಗೆ ಹೊರಡಿಸುವ ಹೊತ್ತು ಹತ್ತಿರವಾಗುತ್ತಿದ್ದಾಗ ಅಂಗಳದಾಚೆ ಒಂದು ಬಸ್ಸು ಬಂದು ನಿಂತಿತು. ಪೂರ್ವದ ಕಡೆಯ ಬಸ್ಸು. ಮೈಯೆಲ್ಲ ಕೆಂಪು ಧೂಳು. ಮೊದಲು ಕೋಲೂರಿಕೊಂಡು ಒಬ್ಬ ದಪ್ಪ ಮೂಲನಿವಾಸಿ ಫಿಜಿಯನ್ ಇಳಿದ. ನರೆತ ಗುಂಗುರು ಕೂದಲು, ಸುಲು ಎಂಬ ಕರಿಯ ಪಂಚೆ, ಸೊಂಟಕ್ಕೆ ಸುತ್ತಿದ ಶೋಕದ ಚಾಪೆ. ಅವನ ಹಿಂದೆ ಹೆಂಡತಿ. ಆಮೇಲೆ ನಡುವಯಸ್ಸಿನ ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸುಗಳು, ಶಾಲೆಯ ಮಕ್ಕಳು, ಮೀಸೆ ಮೂಡುವ ಹುಡುಗರು. ಇಳಿಯುತ್ತಲೇ ಇದ್ದರು.

“ಇಷ್ಟು ಜನಕ್ಕೆ ಅನ್ನ ಎಲ್ಲಿದ್ಯೇ?” ಅಂದಳು ಬುಧಿಯಾ.

ಎಲ್ಲರೂ ಚಪ್ಪರದ ಅಂಚಿನಲ್ಲಿ ಚಾಪೆ ಹಾಸಿ ನೆಲಕ್ಕೆ ಕೂತರು. ಮುದುಕ ಚಕ್ಕಳಮಕ್ಕಳ ಹಾಕಿ, ಹೆಣೆದ ದಾರ ಕಟ್ಟಿದ ತಿಮಿಂಗಿಲದ ಹಲ್ಲೊಂದನ್ನು ಎರಡೂ ಅಂಗೈಯಲ್ಲಿ ಹಿಡಿದ. ಸಾವಿನ ಮನೆಗೆ ಅವರು ತರುವುದರಲ್ಲಿ ಅದಕ್ಕಿಂತ ದೊಡ್ಡದು ಇನ್ನಿಲ್ಲ. ಗಂಡಸರು ಯಂಗೋನದ ಚಿಪ್ಪು ಕೆಳಗಿಟ್ಟರು. ಅವನು ಮೊದಲು ತನ್ನ ಭಾಷೆಯಲ್ಲಿ ತಲೆ ತಗ್ಗಿಸಿ ಹೇಳಬೇಕಾದುದನ್ನು ಹೇಳಿದ. ಆಮೇಲೆ ಅಂಜಿಲಾಳ ಕಡೆ ತಿರುಗಿ ಅವಳ ಮಾತಿನಲ್ಲೇ ಶುರುಮಾಡಿದ.

“ಅಕ್ಕಾ, ನಾನು ಇಸಿಕೇಲಿ. ರೇವಾದವನು. ನಿಮ್ ಯಜಮಾನ್ರು ಚೆಂಡು ಹೊರಗೆ ಒದ್ದಿದ್ದು ನನ್ನಿಂದ.”

ಹಿಂದಿದ್ದವರು ಅವನ ಮುಖ ಕಾಣಲು ಮುಂದಕ್ಕೆ ಬಾಗಿದರು.

“ಆಗ ನಂಗಿನ್ನೂ ಮದುವೆ ಆಗಿರ್ಲಿಲ್ಲ. ಸುವಾ ಡಾಕ್ಟ್ರು ಹೇಳಿದ್ರು, ಇನ್ನೊಂದ್ ಸ್ವಲ್ಪ ತಡ ಆಗಿದ್ರೆ ಈ ಹುಡ್ಗನ್ನ ಪೆಟ್ಟಿಗೇಲಿ ತಗೊಂಡ್ ಹೋಗ್ತಿದ್ರಿ ಅಂತ.” ಅವನು ಹಿಂದೆ ಕೂತವರನ್ನು ಕೈಯಿಂದ ತೋರಿಸಿದ. “ಇವ್ಳು ನನ್ನ ಹೆಂಡ್ತಿ. ಇವ್ರು ಮಕ್ಳು, ಸೊಸೇರು, ಮೊಮ್ಮಕ್ಳು. ಇಬ್ರು ಬಂದಿಲ್ಲ, ಒಬ್ಳು ಹೆರಿಗೆಗೆ ಹೋಗಿದಾಳೆ. ನಿಮಗೆ ತೋರಿಸ್ಬೇಕು ಅಂತ ಕರ್ಕೊಂಡ್ ಬಂದೆ. ಬದುಕಿದ್ದಾಗ ಅವ್ರಿಗೆ ತೋರಿಸ್ಬೇಕಿತ್ತು.”

ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

“ಈ ಹಲ್ಲು ಸಾವಿಗೆ ಮಾತ್ರ ಅಲ್ಲ. ಅವತ್ತು ನಮ್ಮವ್ರು ಆ ಚೆಂಡು ವಾಪಸ್ ಕೊಡ್ಲಿಲ್ಲ. ಗೋಲು ಹೊಡೆದ್ರು. ಆ ವರ್ಷದ ಕಪ್ ಇನ್ನೂ ನಮ್ಮೂರಲ್ಲೇ ಇದೆ. ಅದಕ್ಕೆ ಈ ಹಲ್ಲು. ತಗೋಬೇಕು ನೀವು.”

ಶೆಲ್ವಿನ್ ತಾಯಿಯನ್ನು ನೋಡಿದ. ಅವಳು ತಲೆಯಾಡಿಸಿದಳು. ಅವನು ಮಂಡಿಯೂರಿ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ.

ಫಿಜಿಯನ್ ಹೆಂಗಸರು ತಾವು ತಂದ ಬೇಯಿಸಿದ ದಾಲೋ ಗೆಡ್ಡೆಗಳ ಬುಟ್ಟಿಯನ್ನು ಅಡುಗೆಮನೆಗೆ ಸಾಗಿಸಿದರು. ಬುಧಿಯಾ ಸಮಾಧಾನದ ಉಸಿರು ಬಿಟ್ಟಳು. ಇಸಿಕೇಲಿ ಕೋಲೂರಿ ಬಂದು ಪೆಟ್ಟಿಗೆಯ ಪಕ್ಕ ಕೂತ. ಒಳಗಿನ ಮುಖವನ್ನು ಬಹಳ ಹೊತ್ತು ನೋಡಿದ.

“ಸಣ್ಣ ಆಗ್ಬಿಟ್ಟಿದಾರೆ.”

“ಸಕ್ಕರೆ ಕಾಯಿಲೆ, ಅಣ್ಣಾ. ಕೊನೇಗೆ ಎಡಗಾಲಿನ ಬೆರಳುಗಳನ್ನೂ ತೆಗೆದ್ರು.” ಅಂಜಿಲಾ ಸೊಳ್ಳೆಯನ್ನು ಬೀಸಿ ಓಡಿಸಿದಳು. “ಮತ್ತೆ ಯಾವತ್ತಾದ್ರೂ ಸಿಕ್ಕಿದ್ರಾ ನಿಮಗೆ?”

“ಒಂದ್ಸಲ. ಸುವಾ ಬಸ್ ಸ್ಟ್ಯಾಂಡಲ್ಲಿ. ಯಾವ್ದೋ ಮದುವೆ ಬಸ್ ತಂದಿದ್ರು. ಅವತ್ತು ಅಲ್ಲೇ ಫೈನಲ್ಲು, ನಿಮ್ಮೂರ್ದೇ ತಂಡ. ಬನ್ನಿ ಹೋಗೋಣ ಅಂದೆ. ಬರಲ್ಲ ಅಂದ್ರು. ಜನರ ಮೇಲೆ ಇನ್ನೂ ಸಿಟ್ಟಾ ಅಂತ ಕೇಳ್ದೆ.”

“ಏನಂದ್ರು?”

“ನಕ್ಕರು. ‘ಸಿಟ್ಟಲ್ಲ ಕಣೋ, ಆ ಬಿಳಿ ಗೆರೆ ಕಂಡ್ರೆ ಕಾಲು ನಿಲ್ಲಲ್ಲ. ಸುಮ್ನೆ ಕೂತು ನೋಡೋದು ನನ್ನ ಕೈಲಾಗಲ್ಲ’ ಅಂದ್ರು.”

ಅಂಜಿಲಾಳ ಕೈ ನಿಂತಿತು. ಮದುವೆಯಾದಾಗಿನಿಂದ ಅದು ಸಿಟ್ಟು ಎಂದೇ ತಿಳಿದಿದ್ದಳು. ಅವನ ಪರವಾಗಿ ಆ ಸಿಟ್ಟನ್ನು ತಾನೂ ಇಟ್ಟುಕೊಂಡು ಸಾಕಿದ್ದಳು. ಮೈದಾನದ ಬೇಲಿಯ ಹತ್ತಿರ ಬಂದಾಗ ಬಸ್ಸು ಪ್ರತಿ ಸಲವೂ ನಿಧಾನವಾಗುತ್ತಿತ್ತು. ಅಲ್ಲಿ ತಿರುವು ಇದೆ, ಅದಕ್ಕೆ ಎಂದುಕೊಂಡಿದ್ದಳು. ಅಂಥ ದೊಡ್ಡ ತಿರುವೇನೂ ಅಲ್ಲ ಅದು.

ಅವಳು ಎದ್ದು ಗಂಡಸರಿದ್ದ ಕಡೆ ನಡೆದಳು. ಬಿಸುನ್ ದೇವ್ ಜೆರ್ಸಿಯನ್ನು ಇನ್ನೂ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಅವರು ಗಡಬಡ ಎದ್ದರು.

“ಮೈದಾನಕ್ಕೆ ಹೋಗೋಣ,” ಅಂದಳು ಅಂಜಿಲಾ.

“ಅತ್ತಿಗೆ...”

“ಇವ್ರ ಮಕ್ಳು ಮೊಮ್ಮಕ್ಳು ಎತ್ಕೊಳ್ಳಲಿ. ನನ್ನ ಮಗ ಮುಂದೆ ಇರ್ತಾನೆ. ನಾನೂ ಬರ್ತೀನಿ.”

“ಹೆಂಗಸ್ರು ಮೈದಾನಕ್ಕಾ?” ಅಂದಳು ಬುಧಿಯಾ, ಅನ್ನುತ್ತಲೇ ಚಪ್ಪಲಿ ಹುಡುಕತೊಡಗಿದಳು. “ತಡಿಯೇ, ನನ್ನನ್ನೂ ಎಬ್ಸು.”

*

ಮೈದಾನದ ಮೆಟ್ಟಿಲುಗಳು ತುಂಬಿದ್ದವು. ಶಾಮಿಯಾನದ ಕೆಳಗೆ ಮಂತ್ರಿಗಳು, ಹೂವಿನ ಚಕ್ರ, ಮೈಕು. ಶವಪೆಟ್ಟಿಗೆ ಗೇಟಿನೊಳಗೆ ಬಂದಾಗ ಜನ ಎದ್ದು ನಿಂತರು. ಎಲ್ಲೋ ಒಬ್ಬರು ಚಪ್ಪಾಳೆ ಶುರುಮಾಡಿದರು, ಮಿಕ್ಕವರು ಹಿಡಿದುಕೊಂಡರು. ಶೆಲ್ವಿನ್ ಅತ್ತಿತ್ತ ನೋಡದೆ ನಡೆಯುತ್ತಿದ್ದ. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಅಂಜಿಲಾ ಗೆರೆಯ ಹತ್ತಿರ ನಿಂತಳು. ಹೊಸದಾಗಿ ಸುಣ್ಣ ಎಳೆದಿದ್ದರು. ಇದನ್ನೆಲ್ಲ ಅವಳು ಬೇಲಿಯಾಚೆಯಿಂದ ಎಷ್ಟೋ ಸಲ ನೋಡಿದ್ದಳು. ಒಳಗೆ ನಿಂತರೆ ಇಷ್ಟು ವಿಶಾಲ ಎಂದು ತಿಳಿದಿರಲಿಲ್ಲ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟಳು.

ಮಂತ್ರಿಗಳ ಕಡೆಯವನೊಬ್ಬ ಓಡಿಬಂದು ಪೆಟ್ಟಿಗೆಯನ್ನು ಶಾಮಿಯಾನದ ಕಡೆಗೆ ತರುವಂತೆ ಸನ್ನೆ ಮಾಡಿದ. ಬಿಸುನ್ ದೇವ್ ಆಗಲೇ ಮೈಕು ಹಿಡಿದಿದ್ದರು. ಗಂಟಲು ಸರಿಮಾಡಿಕೊಂಡದ್ದು ಧ್ವನಿವರ್ಧಕದಲ್ಲಿ ಮೈದಾನಕ್ಕೆಲ್ಲ ಕೇಳಿಸಿತು.

“ತಡೀರಿ,” ಅಂದಳು ಅಂಜಿಲಾ. ದೊಡ್ಡ ದನಿಯೇನೂ ಅಲ್ಲ. ಆದರೆ ಹೊತ್ತವರು ನಿಂತರು. ಅವಳು ಇಸಿಕೇಲಿಯ ಕಡೆ ತಿರುಗಿದಳು. “ಅಣ್ಣಾ, ಎಲ್ಲಿ?”

“ಏನು, ಅಕ್ಕಾ?”

“ನೀವು ಬಿದ್ದಿದ್ದು. ಅವ್ರು ಓಡೋದು ನಿಲ್ಸಿದ್ದು. ಯಾವ್ ಜಾಗ? ಮೊದಲು ಅಲ್ಲಿ ಇಳಿಸ್ಲಿ.”

ಇಸಿಕೇಲಿ ಕೋಲೂರಿ ಎಡಗಡೆಯ ಹುಲ್ಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ತಲೆಯಲ್ಲಾಡಿಸಿದ. “ಗೊತ್ತಿಲ್ಲ ಅಕ್ಕಾ. ನಂಗೆ ಪ್ರಜ್ಞೆ ಇರ್ಲಿಲ್ಲ. ಕಣ್ ಬಿಟ್ಟಿದ್ದು ಆಸ್ಪತ್ರೇಲಿ.”

ಅವಳು ಸುತ್ತ ನೋಡಿದಳು. ಅಂದು ಆಡಿದ ಊರಿನವರಲ್ಲಿ ಹೆಚ್ಚಿನವರು ತೀರಿಕೊಂಡಿದ್ದರು, ಉಳಿದ ಒಬ್ಬಿಬ್ಬರು ಕೆನಡಾದಲ್ಲೋ ನ್ಯೂಜಿಲೆಂಡಿನಲ್ಲೋ ಇದ್ದರು. ಮೆಟ್ಟಿಲುಗಳ ಮೇಲಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊತ್ತವರು ಭುಜ ಬದಲಿಸಿದರು.

ಮೈಕನ್ನು ಮೇಜಿನ ಮೇಲಿಟ್ಟ ಸದ್ದು ಧ್ವನಿವರ್ಧಕದಲ್ಲಿ ಗುಡುಗಿನಂತೆ ಕೇಳಿಸಿತು. ಬಿಸುನ್ ದೇವ್ ಶಾಮಿಯಾನದಿಂದ ಹೊರಬಂದು, ಬಿಸಿಲಿನಲ್ಲಿ, ಯಾರನ್ನೂ ನೋಡದೆ, ಮೈದಾನವನ್ನು ಅಡ್ಡಲಾಗಿ ದಾಟಿ ನಡೆದರು. ಎಲ್ಲೂ ನಿಂತು ಅಂದಾಜು ಮಾಡಲಿಲ್ಲ. ಎಡಗಡೆಯ ಗೆರೆಯಿಂದ ನಾಲ್ಕಾರು ಮಾರು ಒಳಗೆ, ಉಳಿದ ಹುಲ್ಲಿಗಿಂತ ಏನೇನೂ ಬೇರೆಯಾಗಿ ಕಾಣದ ಒಂದು ಕಡೆ ಬಂದು ನಿಂತರು. ಪ್ಯಾಂಟಿನ ಮಂಡಿಯನ್ನು ಮೇಲಕ್ಕೆಳೆದುಕೊಂಡು, ಒಂದು ಕೈ ನೆಲಕ್ಕೂರಿ, ಕಷ್ಟಪಟ್ಟು ಕೆಳಗೆ ಕೂತರು. ಆಮೇಲೆ ಇನ್ನೊಂದು ಕೈಯ ಅಂಗೈಯನ್ನು ಆ ಹುಲ್ಲಿನ ಮೇಲೆ ಅಗಲವಾಗಿ ಇಟ್ಟರು.

ಪೆಟ್ಟಿಗೆ ಹೊತ್ತ ಹುಡುಗರು ಹತ್ತಿರ ಬಂದು ನಿಂತರು. ಬಿಸುನ್ ದೇವ್ ಕೈ ತೆಗೆಯಲಿಲ್ಲ.